ಬಡತನ ಹಾಕಿ ಕಲಿಸುವುದಿಲ್ಲ

(ಬಳ್ಳಾರಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿನಿಯರ ಮುಂದೆ, ಹಾಕಿ ಆಟಗಾರ್ತಿ ರಾಣಿ ರಾಂಪಾಲ್ ಕುರಿತು ಮಾಡಿದ ಉಪನ್ಯಾಸದ ಪರಿಷ್ಕೃತ ರೂಪ)

ರಾಣಿ ರಾಂಪಾಲ್ ಹೆಸರೆತ್ತಿದರೆ ಸಾಕು, ಎಲ್ಲರೂ ಹಾಲಿನ ಕಥೆ ಹೇಳುತ್ತಾರೆ. ನಾನೂ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಅದರ ತಂಟೆ ಬೇಡ. ಹುಡುಗಿಯ ತಂದೆ ಕುದುರೆ ಗಾಡಿ ಹೊಡೆಯುತ್ತಿದ್ದರು, ತಾಯಿ ಬೇರೆಯವರ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಹಾಕಿ ಕಲಿಯಲು ಬರುವ ಮಕ್ಕಳು ದಿನಕ್ಕೆ ಅರ್ಧ ಲೀಟರ್ ಹಾಲು ತರಬೇಕೆಂದು ಅಕಾಡೆಮಿಯಲ್ಲಿ ನಿಯಮ. ಇವರ ಮನೆಗೆ ಸಿಗುತ್ತಿದ್ದದ್ದು ಇನ್ನೂರು ಮಿಲಿಲೀಟರ್. ಹುಡುಗಿ ಅದಕ್ಕೆ ನೀರು ಬೆರೆಸಿ ಅರ್ಧ ಲೀಟರ್ ಮಾಡಿಕೊಂಡು ಹೋಗುತ್ತಿದ್ದಳು. ಮುರಿದ ಸ್ಟಿಕ್ ಹಿಡಿದು, ಸಲ್ವಾರ್ ಕಮೀಜಿನಲ್ಲೇ ಓಡಿ ಆಟ ಕಲಿತಳು. ಇದನ್ನೆಲ್ಲ ರಾಣಿಯವರೇ ಹೇಳಿಕೊಂಡಿದ್ದಾರೆ, ಸುಳ್ಳೇನಲ್ಲ.

ಆದರೆ ಬಹುಮಾನ ವಿತರಣೆಯ ದಿನ ವೇದಿಕೆ ಮೇಲೆ ನಿಂತವರು ಈ ಕಥೆಯನ್ನು ಹೇಳುವ ರೀತಿ ನನಗೆ ಸರಿಬರುವುದಿಲ್ಲ. ಬಡತನವೇ ಆಕೆಯನ್ನು ಆಟಗಾರ್ತಿಯನ್ನಾಗಿ ಮಾಡಿತು ಎಂಬಂತೆ ಮಾತನಾಡುತ್ತಾರೆ. ಬಡತನವೇ ಕ್ರೀಡಾಪಟುಗಳನ್ನು ಹುಟ್ಟಿಸುವುದಾಗಿದ್ದರೆ ನಮ್ಮ ಸಿರುಗುಪ್ಪ, ಸಂಡೂರು, ಕುರುಗೋಡು ತಾಲ್ಲೂಕುಗಳಿಂದ ಪ್ರತಿ ಒಲಿಂಪಿಕ್ಸ್‌ಗೆ ಒಂದು ಬಸ್ ತುಂಬ ಹುಡುಗಿಯರು ಹೋಗಬೇಕಿತ್ತು. ಹಾಲಿಗೆ ನೀರು ಬೆರೆಸುವ ಮನೆಗಳು ಇಲ್ಲಿ ಕಡಿಮೆಯೇ? ರಾಣಿಗೆ ಸಿಕ್ಕ ಯಾವುದು ಆ ಮನೆಗಳ ಹುಡುಗಿಯರಿಗೆ ಸಿಗಲಿಲ್ಲ ಎಂಬುದನ್ನೇ ಇವತ್ತು ನಿಮ್ಮೊಡನೆ ಮಾತನಾಡಬೇಕು ಎಂದುಕೊಂಡಿದ್ದೇನೆ.

ಅವರ ಊರು ಶಹಾಬಾದ್. ಹಾಗೆಂದ ತಕ್ಷಣ ನಿಮಗೆ ಕಲಬುರಗಿಯ ಶಹಾಬಾದ್, ಮನೆಗೆ ಹಾಸುವ ಕಲ್ಲು ನೆನಪಾಗಿರುತ್ತದೆ. ಅದಲ್ಲ. ಇದು ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಹಾಬಾದ್ ಮಾರ್ಕಂಡಾ. ಮಾರ್ಕಂಡಾ ಅಲ್ಲಿನ ನದಿಯ ಹೆಸರು. ಅಂಬಾಲಾದಿಂದ ಕುರುಕ್ಷೇತ್ರದ ಕಡೆಗೆ ಬರುವ ಹೆದ್ದಾರಿಯಲ್ಲಿ ಸಿಗುವ ಸಣ್ಣ ಊರು. ಆ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ 44. ಅದೇ ರಸ್ತೆ ದಕ್ಷಿಣಕ್ಕೆ ಇಳಿದು ನಮ್ಮ ಪಕ್ಕದ ಗುತ್ತಿ, ಅನಂತಪುರಗಳ ಮೂಲಕ ಹೋಗುತ್ತದೆ. ಅಷ್ಟು ದೂರದ ಊರೇನಲ್ಲ ಎಂದು ಹೇಳಲು ಇದನ್ನು ತಂದೆ.

ಆ ಊರಿನಲ್ಲಿ ಬಲದೇವ್ ಸಿಂಗ್ ಎಂಬ ತರಬೇತುದಾರರಿದ್ದರು. ಮುಂದೆ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರು. ಶಿಸ್ತಿನ ವಿಷಯದಲ್ಲಿ ಬಹಳ ಕಠಿಣ ಮನುಷ್ಯ. ಆರೇಳು ವರ್ಷದ ರಾಣಿಯನ್ನು ಅವರು ಮೊದಲು ಸೇರಿಸಿಕೊಳ್ಳಲಿಲ್ಲ, ಮೈಯಲ್ಲಿ ಶಕ್ತಿಯಿಲ್ಲ ಎಂದು. ಹುಡುಗಿ ದಿನವೂ ಬಂದು ಅಂಗಳದ ಅಂಚಿನಲ್ಲಿ ತನ್ನ ಪಾಡಿಗೆ ಆಡುವುದನ್ನು ಬಿಡಲಿಲ್ಲ. ಕೊನೆಗೆ ಸೇರಿಸಿಕೊಂಡರು. ಒಮ್ಮೆ ಸೇರಿಸಿಕೊಂಡ ಮೇಲೆ ಸ್ಟಿಕ್ ಕೊಟ್ಟವರು, ಬೂಟು ಕೊಟ್ಟವರು, ತಮ್ಮ ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿದವರು ಅವರೇ. ತರಬೇತಿ ಬೆಳಗಿನ ಜಾವ. ಮನೆಯಲ್ಲಿ ಗಡಿಯಾರವಿರಲಿಲ್ಲ. ತಾಯಿ ಆಕಾಶ ನೋಡಿ ಹೊತ್ತನ್ನು ಅಂದಾಜು ಮಾಡಿ ಮಗಳನ್ನು ಎಬ್ಬಿಸುತ್ತಿದ್ದರು. ಮಗಳು ತಡವಾಗಿ ಹೋಗಬಾರದು ಎಂದು ನಿದ್ದೆಗೆಟ್ಟ ತಾಯಿ ಒಬ್ಬರು, ಆ ಹೊತ್ತಿಗೆ ಮೈದಾನದಲ್ಲಿ ಖಂಡಿತ ಇರುತ್ತಿದ್ದ ತರಬೇತುದಾರ ಒಬ್ಬರು. ಇಬ್ಬರಲ್ಲಿ ಒಬ್ಬರು ತಪ್ಪಿದ್ದರೂ ನಾನು ಇವತ್ತು ಬೇರೆ ಯಾರ ಬಗ್ಗೆಯೋ ಮಾತನಾಡುತ್ತಿದ್ದೆ.

ಮೂರನೆಯದೂ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ರಾಣಿ ಮೈದಾನಕ್ಕೆ ಬರುವ ಹೊತ್ತಿಗೆ ಅಲ್ಲಿ ಆಗಲೇ ಅಕ್ಕಂದಿರಿದ್ದರು. ಶಹಾಬಾದಿನಿಂದ ಸುರಿಂದರ್ ಕೌರ್, ಜಸ್ಜೀತ್ ಕೌರ್ ಮೊದಲಾದವರು ಭಾರತ ತಂಡಕ್ಕೆ ಆಡಿದರು. ಮುಂದೆ ನಾಯಕಿಯಾದ ರೀತು ರಾಣಿ ಅದೇ ಊರಿನವರು, ಇವರಿಗಿಂತ ಮೂರೇ ವರ್ಷ ದೊಡ್ಡವರು. ಪಕ್ಕದ ಬೀದಿಯ ಹುಡುಗಿ ಭಾರತದ ಅಂಗಿ ತೊಟ್ಟು ಬಂದದ್ದನ್ನು ನೋಡಿದ ತಂದೆಗೆ, ತನ್ನ ಮಗಳನ್ನು ಕಳಿಸಲು ಬೇಕಾದ ಧೈರ್ಯ ಅರ್ಧದಷ್ಟು ಸಾಕು. ರಾಣಿಯ ಮನೆಯವರೂ ಮೊದಲು ಬೇಡ ಎಂದವರೇ. ಹುಡುಗಿ ಗಿಡ್ಡ ಚಡ್ಡಿ ಹಾಕಿ ಓಡುವುದೆಂದರೇನು, ನೆಂಟರು ಏನಂದಾರು ಎಂಬ ಮಾತು ಬಳ್ಳಾರಿಯ ತಾಯಂದಿರೇನೂ ಹೊಸದಾಗಿ ಕಂಡುಹಿಡಿದದ್ದಲ್ಲ.

2008ರಲ್ಲಿ ರಷ್ಯಾದ ಕಜಾನ್‌ನಲ್ಲಿ ಒಲಿಂಪಿಕ್ ಅರ್ಹತಾ ಟೂರ್ನಿ ನಡೆಯಿತು. ರಾಣಿ ಹುಟ್ಟಿದ್ದು 1994ರ ಡಿಸೆಂಬರಿನಲ್ಲಿ. ಲೆಕ್ಕ ಹಾಕಿ ನೋಡಿ, ಹದಿನಾಲ್ಕು ತುಂಬುವ ಮೊದಲೇ ಹಿರಿಯರ ತಂಡಕ್ಕೆ ಆಡಿದರು. 2010ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ವಿಶ್ವಕಪ್. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರು, ಏಳು ಗೋಲು ಹೊಡೆದರು, ಟೂರ್ನಿಯ ಅತ್ಯುತ್ತಮ ಯುವ ಆಟಗಾರ್ತಿ ಎನಿಸಿಕೊಂಡರು. ಭಾರತ ಒಂಬತ್ತನೇ ಸ್ಥಾನ. ಆ ವಯಸ್ಸಿನಲ್ಲಿ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಟ್ಯೂಷನ್ನಿಗೆ ಸೇರಿರುತ್ತಾರೆ, ಆಟದ ಪೀರಿಯಡ್ಡನ್ನು ಗಣಿತದವರು ತೆಗೆದುಕೊಂಡಿರುತ್ತಾರೆ. (ಇಲ್ಲಿ ಶಿಕ್ಷಕರು ನಗುತ್ತಿರುವುದನ್ನು ನೋಡುತ್ತಿದ್ದೇನೆ. ಪೀರಿಯಡ್ ಕೊಟ್ಟವರೂ ನೀವೇ ತಾನೆ?)

ಹಾಕಿ ನೋಡದ ವಿದ್ಯಾರ್ಥಿನಿಯರಿಗಾಗಿ ಒಂದು ಮಾತು ಹೇಳಬೇಕು. ಗೋಲಿನ ಮುಂದೆ ಅರ್ಧಚಂದ್ರದಂತೆ ಎಳೆದ ಗೆರೆಗೆ ಸರ್ಕಲ್ ಎನ್ನುತ್ತಾರೆ, ಗೋಲಿನಿಂದ 14.63 ಮೀಟರ್. ಅದರ ಹೊರಗಿನಿಂದ ಎಷ್ಟು ಜೋರಾಗಿ ಹೊಡೆದು ಚೆಂಡನ್ನು ಒಳಗೆ ಕಳಿಸಿದರೂ ಗೋಲಲ್ಲ. ಹಾಗಾಗಿ ಫುಟ್‌ಬಾಲಿನಂತೆ ದೂರದಿಂದ ಅದೃಷ್ಟ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಫಾರ್ವರ್ಡ್ ಆದವಳು ಆ ಗೆರೆಯ ಒಳಗೆ, ಇಬ್ಬರು ಮೂವರು ಡಿಫೆಂಡರ್‌ಗಳ ನಡುವೆ, ಅನೇಕ ಸಲ ಗೋಲಿಗೆ ಬೆನ್ನು ಮಾಡಿ ನಿಂತು ಚೆಂಡು ಪಡೆಯಬೇಕು. ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕು, ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಚೆಂಡು ಕಾಲಿಗೆ ತಾಗಬಾರದು. ಇಷ್ಟರ ನಡುವೆ ತಿರುಗಿ ಹೊಡೆಯಲು ಸಿಗುವುದು ಅರೆಕ್ಷಣ. ರಾಣಿಯ ಕೈಚಳಕ ಇದ್ದದ್ದು ಆ ಅರೆಕ್ಷಣದಲ್ಲಿ. ಮುಂದೆ ವಯಸ್ಸು, ಅನುಭವ ಬಂದ ಮೇಲೆ ಅವರು ಸ್ವಲ್ಪ ಹಿಂದೆ ಸರಿದು, ಮಧ್ಯದಲ್ಲಿ ನಿಂತು ಬೇರೆಯವರಿಗೆ ಗೋಲಿನ ದಾರಿ ಮಾಡಿಕೊಡುವ ಆಟಕ್ಕೆ ಬಂದರು. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ದಾರಿ ಮಾಡಿದವರದು ಬರುವುದಿಲ್ಲ. ಹೆಸರು ಬಂದ ಮೇಲೆ ಆ ಕೆಲಸಕ್ಕೆ ಒಪ್ಪಿಕೊಳ್ಳುವುದು ಸುಲಭವಲ್ಲ.

2013ರಲ್ಲಿ ಜರ್ಮನಿಯ ಮೊಂಶೆನ್‌ಗ್ಲಾಡ್‌ಬಾಖ್‌ನಲ್ಲಿ ಜೂನಿಯರ್ ವಿಶ್ವಕಪ್. ಇಂಗ್ಲೆಂಡ್ ವಿರುದ್ಧ ಸಮವಾದ ಪಂದ್ಯವನ್ನು, ಗೋಲ್‌ಕೀಪರ್ ಎದುರು ಒಬ್ಬೊಬ್ಬರೇ ಬಂದು ಗೋಲು ಹೊಡೆಯುವ ಶೂಟೌಟ್‌ನಲ್ಲಿ ಗೆದ್ದು ಭಾರತಕ್ಕೆ ಕಂಚು, ಟೂರ್ನಿಯ ಶ್ರೇಷ್ಠ ಆಟಗಾರ್ತಿ ರಾಣಿ. ಎರಡು ವರ್ಷದ ನಂತರ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ವರ್ಲ್ಡ್ ಲೀಗ್ ಟೂರ್ನಿ, ಜಪಾನ್ ವಿರುದ್ಧ 1–0. ಆ ಒಂದು ಗೋಲು ರಾಣಿಯದು. ಭಾರತ ಐದನೇ ಸ್ಥಾನ ಪಡೆಯಿತು, ಅದರ ಬಲದ ಮೇಲೆ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಸಿಕ್ಕಿತು.

ನಮ್ಮ ಮಹಿಳೆಯರು ಅದಕ್ಕೂ ಮೊದಲು ಒಲಿಂಪಿಕ್ಸ್‌ನಲ್ಲಿ ಆಡಿದ್ದು ಯಾವಾಗ ಗೊತ್ತೆ? 1980ರಲ್ಲಿ, ಮಾಸ್ಕೋದಲ್ಲಿ. ಮಹಿಳಾ ಹಾಕಿ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಅನೇಕ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಆರೇ ತಂಡಗಳು, ರೂಪಾ ಸೈನಿ ನಾಯಕತ್ವದ ಭಾರತ ನಾಲ್ಕನೆಯದು. ಚಿನ್ನ ಗೆದ್ದದ್ದು ಜಿಂಬಾಬ್ವೆ! ಅಲ್ಲಿಂದ ಮೂವತ್ತಾರು ವರ್ಷ ಬಾಗಿಲು ಮುಚ್ಚಿತ್ತು. ಆ ನಡುವೆ ಚೆನ್ನಾಗಿ ಆಡಿದ ಎಷ್ಟೋ ಹೆಣ್ಣುಮಕ್ಕಳು ಒಲಿಂಪಿಕ್ಸ್ ಕಾಣದೆ ನಿವೃತ್ತರಾದರು. ಅವರ ಮೇಲೆ ಯಾರೂ ಉಪನ್ಯಾಸ ಇಡುವುದಿಲ್ಲ.

ಆಂಟ್‌ವರ್ಪ್‌ನಲ್ಲಿ ತಂಡವನ್ನು ಮುನ್ನಡೆಸಿದ ರೀತು ರಾಣಿಯನ್ನು ರಿಯೊಗೆ ಹೊರಡುವ ಮುನ್ನ ತಂಡದಿಂದ ಕೈಬಿಟ್ಟರು. ಒಂದೇ ಊರಿನ ಇಬ್ಬರಲ್ಲಿ ಒಬ್ಬರು ವಿಮಾನ ಹತ್ತಿದರು, ಇನ್ನೊಬ್ಬರು ಹತ್ತಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಇದೇ ಸರದಿ ಮುಂದೆ ರಾಣಿಗೂ ಬರುತ್ತದೆ.

ರಿಯೊದಲ್ಲಿ ಏನಾಯಿತು? ಜಪಾನ್ ಜೊತೆ 2–2 ಸಮ. ಭಾರತದ ಮೊದಲ ಗೋಲು ರಾಣಿಯದು. ಆಮೇಲೆ ಬ್ರಿಟನ್ ವಿರುದ್ಧ 0–3, ಆಸ್ಟ್ರೇಲಿಯಾ ವಿರುದ್ಧ 1–6, ಅಮೆರಿಕ ವಿರುದ್ಧ 0–3, ಅರ್ಜೆಂಟೀನಾ ವಿರುದ್ಧ 0–5. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಒಂದೂ ಗೆಲುವಿಲ್ಲ. ನಾನು ಈ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದ್ದಕ್ಕೆ ಕಾರಣವಿದೆ. ಐದು ವರ್ಷದ ನಂತರ ಟೋಕಿಯೊದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ತಂಡದಲ್ಲಿ ಈ ಸೋಲು ತಿಂದವರೇ ಅನೇಕರಿದ್ದರು. ಜಿಲ್ಲಾ ಮಟ್ಟದಲ್ಲಿ ಒಮ್ಮೆ ಸೋತ ತಂಡವನ್ನು ಮರುವರ್ಷ ಪೂರ್ತಿ ಬದಲಿಸುವ ನಮ್ಮ ಚಟವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಸೋಲಿನಿಂದ ಮೇಲೆದ್ದದ್ದು ಭಾಷಣದಿಂದಲ್ಲ, ಮೈಕಟ್ಟಿನಿಂದ. ಡಚ್ ತರಬೇತುದಾರ ಶೋರ್ಡ್ ಮರೈನ್, ದೇಹಸಾಮರ್ಥ್ಯ ನೋಡಿಕೊಳ್ಳುತ್ತಿದ್ದ ವೇಯ್ನ್ ಲೊಂಬಾರ್ಡ್ ಮೊದಲಾದವರು ಹುಡುಗಿಯರ ಓಟ, ಊಟ, ನಿದ್ದೆ ಎಲ್ಲದಕ್ಕೂ ಲೆಕ್ಕ ಇಟ್ಟರು. ಈಗಿನ ಹಾಕಿಯಲ್ಲಿ ಹದಿನೈದು ನಿಮಿಷದ ನಾಲ್ಕು ಅವಧಿ, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅಂದರೆ ಒಳಗಿರುವಷ್ಟು ಹೊತ್ತು ಪೂರ್ತಿ ವೇಗದಲ್ಲಿ ಓಡಬೇಕು. ಕೊನೆಯ ಹತ್ತು ನಿಮಿಷದಲ್ಲಿ ಉಸಿರು ಕಟ್ಟಿ ಪಂದ್ಯ ಬಿಟ್ಟುಕೊಡುತ್ತಿದ್ದ ತಂಡ ನಿಧಾನವಾಗಿ ಆ ರೋಗದಿಂದ ಹೊರಬಂತು. 2017ರಲ್ಲಿ ರಾಣಿ ನಾಯಕತ್ವದಲ್ಲಿ ಏಷ್ಯಾ ಕಪ್, ಚೀನಾ ವಿರುದ್ಧ ಫೈನಲ್ ಶೂಟೌಟ್‌ನಲ್ಲಿ 5–4. 2018ರಲ್ಲಿ ಲಂಡನ್ ವಿಶ್ವಕಪ್ಪಿನ ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡ್ ವಿರುದ್ಧ ಶೂಟೌಟ್ ಸೋಲು. ಅದೇ ವರ್ಷ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ.

ಇನ್ನು ಭುವನೇಶ್ವರ. ರಾಣಿಯ ಆಟದ ಒಂದೇ ಒಂದು ದಿನವನ್ನು ನೋಡಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು 2019ರ ನವೆಂಬರ್ 2. ಟೋಕಿಯೊ ಅರ್ಹತೆಗಾಗಿ ಅಮೆರಿಕದ ಜೊತೆ ಎರಡು ಪಂದ್ಯ, ಎರಡರ ಗೋಲುಗಳನ್ನು ಕೂಡಿಸಿ ನಿರ್ಧಾರ. ಮೊದಲ ದಿನ ಭಾರತ 5–1. ಊರೆಲ್ಲ ಟಿಕೆಟ್ ಆಯಿತು ಎಂದುಕೊಂಡಿತು. ಮರುದಿನ ಅಮೆರಿಕದವರು ಅರ್ಧ ಪಂದ್ಯ ಮುಗಿಯುವ ಮೊದಲೇ ನಾಲ್ಕು ಗೋಲು ಹೊಡೆದರು. ಒಟ್ಟು 5–5. ಕಳಿಂಗ ಕ್ರೀಡಾಂಗಣದ ಜನ ಮೌನ. ನಿನ್ನೆಯ ಗೆಲುವು ಇಪ್ಪತ್ತೆಂಟು ನಿಮಿಷದಲ್ಲಿ ಕರಗಿಹೋದಾಗ ತಂಡದ ಕಾಲು ನಡುಗುವುದು ಸಹಜ. ಮೂರನೇ ಅವಧಿಯಲ್ಲಿ ಭಾರತ ಗೋಲು ಬಿಟ್ಟುಕೊಡಲಿಲ್ಲ, ಹೊಡೆಯಲೂ ಇಲ್ಲ. ನಲವತ್ತೆಂಟನೇ ನಿಮಿಷದಲ್ಲಿ ಸರ್ಕಲ್ಲಿನಲ್ಲಿ ಚೆಂಡು ಸಿಕ್ಕಿತು, ರಾಣಿ ಎರಡನೇ ಯೋಚನೆಗೆ ಅವಕಾಶ ಕೊಡದೆ ಹೊಡೆದರು. ಗೋಲು. ಉಳಿದ ಹನ್ನೆರಡು ನಿಮಿಷ ಎಲ್ಲರೂ ಸೇರಿ ಗೋಲು ಕಾಯ್ದರು. ಅಂದಿನ ಪಂದ್ಯವನ್ನು ಭಾರತ 1–4ರಿಂದ ಸೋತಿತು, ಒಟ್ಟು 6–5ರಿಂದ ಟೋಕಿಯೊಗೆ ಹೋಯಿತು. ಸೋತ ಪಂದ್ಯದ ಒಂದು ಗೋಲಿಗೆ ಇಷ್ಟು ಬೆಲೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿಂದ ಕಥೆ ನಮ್ಮ ರಾಜ್ಯಕ್ಕೆ ಬರುತ್ತದೆ. ಕೊರೊನಾ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. ತಂಡ ಲಾಕ್‌ಡೌನ್ ಕಳೆದದ್ದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ. ಅಲ್ಲಿಂದಲೇ ಆನ್‌ಲೈನ್‌ನಲ್ಲಿ ವ್ಯಾಯಾಮದ ಸವಾಲು ಹಾಕಿ ವಲಸೆ ಕಾರ್ಮಿಕರು, ಬಡವರ ನೆರವಿಗೆ ಸುಮಾರು 20 ಲಕ್ಷ ರೂಪಾಯಿ ಕೂಡಿಸಿದರು. 2021ರ ಏಪ್ರಿಲಿನಲ್ಲಿ ಮನೆಗೆ ಹೋಗಿ ಶಿಬಿರಕ್ಕೆ ಮರಳಿದಾಗ ರಾಣಿ ಸೇರಿ ಏಳು ಆಟಗಾರ್ತಿಯರಿಗೆ ಸೋಂಕು ತಗಲಿತ್ತು. ಮೇ ತಿಂಗಳಲ್ಲಿ ವಂದನಾ ಕಟಾರಿಯಾ ಅವರ ತಂದೆ ಹರಿದ್ವಾರದ ಬಳಿಯ ಹಳ್ಳಿಯಲ್ಲಿ ತೀರಿಕೊಂಡರು. ವಂದನಾ ಬೆಂಗಳೂರಿನ ಶಿಬಿರದಲ್ಲಿದ್ದರು, ಅಂತ್ಯಸಂಸ್ಕಾರಕ್ಕೆ ಹೋಗಲಾಗಲಿಲ್ಲ.

ಟೋಕಿಯೊದಲ್ಲಿ ಮೊದಲ ಮೂರು ಪಂದ್ಯವೂ ಸೋಲು: ನೆದರ್ಲೆಂಡ್ಸ್ ವಿರುದ್ಧ 1–5, ಜರ್ಮನಿ ವಿರುದ್ಧ 0–2, ಬ್ರಿಟನ್ ವಿರುದ್ಧ 1–4. ನೆದರ್ಲೆಂಡ್ಸ್ ವಿರುದ್ಧದ ಆ ಒಂದು ಗೋಲು ರಾಣಿಯದು. ಮನೆಯಲ್ಲಿ ಟಿವಿ ನೋಡುತ್ತಿದ್ದವರು ಚಾನೆಲ್ ಬದಲಿಸಿದರು. ಆಮೇಲೆ ಐರ್ಲೆಂಡ್ ವಿರುದ್ಧ, ಪಂದ್ಯ ಮುಗಿಯಲು ಮೂರು ನಿಮಿಷವಿರುವಾಗ ನವನೀತ್ ಕೌರ್ ಗೋಲು. ನವನೀತ್ ಯಾವ ಊರು? ಶಹಾಬಾದ್. ದಕ್ಷಿಣ ಆಫ್ರಿಕಾ ವಿರುದ್ಧ 4–3, ತಂದೆಯನ್ನು ಕಳೆದುಕೊಂಡ ವಂದನಾ ಹ್ಯಾಟ್ರಿಕ್. ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರು ಹೊಡೆದ ಮೊದಲ ಹ್ಯಾಟ್ರಿಕ್ ಅದು. ಬ್ರಿಟನ್ ಐರ್ಲೆಂಡನ್ನು ಸೋಲಿಸಿದ್ದರಿಂದ ಕ್ವಾರ್ಟರ್‌ಫೈನಲ್ ಸಿಕ್ಕಿತು. ಎದುರಿಗೆ, ಗುಂಪಿನಲ್ಲಿ ಒಂದೂ ಪಂದ್ಯ ಸೋಲದ ಆಸ್ಟ್ರೇಲಿಯಾ. ಗುರ್ಜಿತ್ ಕೌರ್, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಒಂದು ಗೋಲು ಹೊಡೆದರು, ಉಳಿದದ್ದನ್ನೆಲ್ಲ ಗೋಲ್‌ಕೀಪರ್ ಸವಿತಾ ಪೂನಿಯಾ ತಡೆದರು. 1–0. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ 1–2, ಕಂಚಿನ ಪಂದ್ಯದಲ್ಲಿ ಬ್ರಿಟನ್ ವಿರುದ್ಧ 3–4.

ಆ ಹದಿನಾರರ ತಂಡದಲ್ಲಿ ಒಂಬತ್ತು ಮಂದಿ ಹರಿಯಾಣದವರು. ಕರ್ನಾಟಕದವರು ಒಬ್ಬರೂ ಇಲ್ಲ. ಪುರುಷರ ಹಾಕಿಗೆ ಕೊಡಗು ಕೊಟ್ಟಷ್ಟನ್ನು ಕೊಟ್ಟ ರಾಜ್ಯದಲ್ಲಿ, ತಂಡ ವರ್ಷಗಟ್ಟಲೆ ಉಳಿದು ತಯಾರಾದ ರಾಜ್ಯದಲ್ಲಿ! ಒಂಬತ್ತರಲ್ಲಿ ನಿಶಾ ವಾರ್ಸಿ, ನೇಹಾ ಗೋಯಲ್ ಸೋನಿಪತ್‌ನವರು. ಅಲ್ಲಿ ಅವರಿಗೆ ಕಲಿಸಿದ್ದು ತಾವೇ ಭಾರತಕ್ಕೆ ಆಡಿ ಬಂದ ಪ್ರೀತಮ್ ಸಿವಾಚ್. ನಿಶಾ ಅವರ ತಂದೆ ದರ್ಜಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳ ಹುಡುಗಿಯರು ಇಲ್ಲಿ ಯಾರಾದರೂ ಇದ್ದರೆ ಇದನ್ನು ಕೇಳಿಸಿಕೊಳ್ಳಿ. ಶಹಾಬಾದ್, ಸೋನಿಪತ್ ಎಂದು ಮತ್ತೆ ಮತ್ತೆ ಅದೇ ಊರುಗಳ ಹೆಸರು ಬರುತ್ತಿರುವುದನ್ನು ಗಮನಿಸಿದಿರಾ? ರಾಜ್ಯವೆಲ್ಲ ಹರಡಿದ ಯೋಜನೆಯಿಂದ ಬಂದವರಿಗಿಂತ, ಒಂದೊಂದು ಊರಿನಲ್ಲಿ ಬೇರು ಬಿಟ್ಟು ಕೂತ ಒಬ್ಬ ಹಟಮಾರಿ ತರಬೇತುದಾರರಿಂದ ಬಂದವರೇ ಹೆಚ್ಚು.

ಸೆಮಿಫೈನಲ್ ಸೋತ ದಿನದ ಇನ್ನೊಂದು ಸಂಗತಿಯನ್ನೂ ಹೇಳದೆ ಮುಂದೆ ಹೋಗಲಾರೆ. ವಂದನಾ ಅವರ ಮನೆಯೆದುರು ಕೆಲವರು ಪಟಾಕಿ ಹೊಡೆದು ಕುಣಿದರು, ಜಾತಿ ಹಿಡಿದು ಬೈದರು, ತಂಡದಲ್ಲಿ ದಲಿತರು ಜಾಸ್ತಿಯಾದದ್ದೇ ಸೋಲಿಗೆ ಕಾರಣ ಎಂದರು. ಪೊಲೀಸರು ಪ್ರಕರಣ ದಾಖಲಿಸಿ ಬಂಧಿಸಿದರು. ನಾಲ್ಕು ದಿನ ಮೊದಲು ಹ್ಯಾಟ್ರಿಕ್ ಹೊಡೆದ ಮಗಳ ಮನೆ ಅದು. ಹುಡುಗಿ ಗೆದ್ದಾಗ ಊರಿನವಳು, ಸೋತಾಗ ಕೇರಿಯವಳು. ಅದು ಉತ್ತರಾಖಂಡದ ಮಾತು ಎಂದು ನೀವು ತಲೆಯಾಡಿಸಿ ಸುಮ್ಮನಾಗುವುದು ಬೇಡ.

ರಾಣಿಗೆ ಅಷ್ಟರಲ್ಲಿ ಅರ್ಜುನ, ಪದ್ಮಶ್ರೀ, ಖೇಲ್ ರತ್ನ ಎಲ್ಲವೂ ಬಂದಿತ್ತು. ವಯಸ್ಸು ಇಪ್ಪತ್ತಾರು. ಇನ್ನೊಂದು ಒಲಿಂಪಿಕ್ಸ್ ಆಡುತ್ತಾರೆ ಎಂದೇ ಎಲ್ಲರೂ ಎಣಿಸಿದ್ದರು. ಆದರೆ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತು. 2022ರ ವಿಶ್ವಕಪ್ಪಿಗೆ ಇಲ್ಲ, ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಇಲ್ಲ. ಅಲ್ಲಿ ತಂಡ ಸವಿತಾ ನಾಯಕತ್ವದಲ್ಲಿ ಕಂಚು ಗೆದ್ದಿತು. ಭಾರತಕ್ಕೆ ನಾಯಕಿಯಾಗಿದ್ದವರು ರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೋಗಿ ಹರಿಯಾಣ ತಂಡಕ್ಕೆ ಆಡಿದರು. 2023ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಕರೆ ಬಂತು, ಮತ್ತೆ ನಿಂತಿತು. ಆ ವರ್ಷವೇ ರಾಯ್‌ಬರೇಲಿಯ ರೈಲು ಬೋಗಿ ಕಾರ್ಖಾನೆಯ ಹಾಕಿ ಮೈದಾನಕ್ಕೆ ಅವರ ಹೆಸರಿಟ್ಟರು. ಇನ್ನೂ ಆಡುತ್ತೇನೆ ಎನ್ನುವವರ ಹೆಸರಿನಲ್ಲಿ ಮೈದಾನ ಇತ್ತು, ತಂಡದ ಪಟ್ಟಿಯಲ್ಲಿ ಹೆಸರು ಇರಲಿಲ್ಲ. 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ವಿರುದ್ಧ 0–1ರಿಂದ ಸೋತು ಭಾರತ ಪ್ಯಾರಿಸ್ ಒಲಿಂಪಿಕ್ಸ್ ಅವಕಾಶವನ್ನೇ ಕಳೆದುಕೊಂಡಿತು. ರಾಣಿ ಇದ್ದಿದ್ದರೆ ಗೆಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ, ಅದು ಚಹಾ ಅಂಗಡಿಯ ಮಾತು. ಆದರೆ ಆ ಪಂದ್ಯದ ಕೊನೆಯ ಹತ್ತು ನಿಮಿಷದಲ್ಲಿ ಭುವನೇಶ್ವರದ ಆ ನಲವತ್ತೆಂಟನೇ ನಿಮಿಷ ನೆನಪಾಗದಿದ್ದವರು ಕಡಿಮೆ.

2024ರ ಅಕ್ಟೋಬರ್ 24ರಂದು ದೆಹಲಿಯಲ್ಲಿ ನಿವೃತ್ತಿ ಘೋಷಿಸಿದರು. ಹದಿನಾರು ವರ್ಷ, 254 ಪಂದ್ಯ. ಹಾಕಿ ಇಂಡಿಯಾ ಅವರ 28ನೇ ಸಂಖ್ಯೆಯ ಜೆರ್ಸಿಯನ್ನೂ ನಿವೃತ್ತಿಗೊಳಿಸಿತು, ಇನ್ನು ಯಾರಿಗೂ ಅದನ್ನು ಕೊಡುವುದಿಲ್ಲ. ಗೌರವ ದೊಡ್ಡದು. ನನ್ನನ್ನು ಕೇಳಿದ್ದರೆ ಕೊಡಿ ಎನ್ನುತ್ತಿದ್ದೆ, ಶಹಾಬಾದಿನ ಇನ್ನೊಬ್ಬ ಹುಡುಗಿ ಅದನ್ನು ತೊಟ್ಟು ಓಡಲಿ.

ಅವರು ಸುಮ್ಮನೆ ಕೂತಿಲ್ಲ. 2023ರಲ್ಲೇ ಹದಿನೇಳು ವರ್ಷದೊಳಗಿನ ಬಾಲಕಿಯರಿಗೆ ತರಬೇತುದಾರರಾದರು. ಮಹಿಳೆಯರಿಗಾಗಿ ಮೊದಲ ಬಾರಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಸೂರ್ಮಾ ತಂಡದ ಮಾರ್ಗದರ್ಶಕರ ಬಳಗ ಸೇರಿದರು. 2025ರ ಜನವರಿಯಲ್ಲಿ ರಾಂಚಿಯ ಫೈನಲ್‌ನಲ್ಲಿ ಒಡಿಶಾ ವಾರಿಯರ್ಸ್ ವಿರುದ್ಧ 1–2ರಿಂದ ಸೋತರು. ಸೂರ್ಮಾ ಪಂಜಾಬ್, ಹರಿಯಾಣದ ತಂಡ. ಅದರ ಒಡೆತನ ಮಾತ್ರ ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯು ಸಮೂಹದ್ದು. ಹೊಸಪೇಟೆಗೆ ಹೋಗುವಾಗ ರೈಲಿನ ಕಿಟಕಿಯಿಂದ ಕಾಣುವ ಚಿಮಣಿಗಳು ಅವೇ. ಅಲ್ಲಿಯೇ 2018ರಲ್ಲಿ ಶುರುವಾದ ಕ್ರೀಡಾ ಸಂಸ್ಥೆಯಲ್ಲಿ ದೇಶದ ಕುಸ್ತಿಪಟುಗಳು, ಬಾಕ್ಸರ್‌ಗಳು, ಓಟಗಾರರು ತಯಾರಾಗುತ್ತಿದ್ದಾರೆ. ಜಿಲ್ಲೆಯಲ್ಲಿ ದುಡ್ಡಿಲ್ಲ, ಕ್ರೀಡೆಯ ತಿಳಿವಳಿಕೆಯಿಲ್ಲ ಎಂದು ಹೇಳುವ ಹಾಗಿಲ್ಲ.

ಶಿಕ್ಷಕರೇ, ನಿಮ್ಮಲ್ಲಿ ಕೆಲವರು ಈಗ ಟರ್ಫ್ (ಕೃತಕ ಹುಲ್ಲಿನ ಮೈದಾನ) ಇಲ್ಲದೆ ಹಾಕಿ ಹೇಗೆ ಎಂದು ಕೇಳುತ್ತೀರಿ. ಮಣ್ಣಿನ ನೆಲದಲ್ಲಿ ಚೆಂಡು ಎತ್ತೆತ್ತಲೋ ಪುಟಿಯುತ್ತದೆ, ನಿಜ. ನೀರು ಹಾಯಿಸಿದ ಟರ್ಫಿನ ವೇಗ ಅಲ್ಲಿ ಬರುವುದಿಲ್ಲ, ನಿಜ. ಹದಿನೈದು ದಾಟಿದ ಮೇಲೆ ಟರ್ಫ್ ಬೇಕೇ ಬೇಕು. ಎಂಟು ವರ್ಷದ ಮಗುವಿಗೆ ಸ್ಟಿಕ್ ಹಿಡಿಯುವುದು, ಬಗ್ಗಿ ಓಡುವುದು, ಚೆಂಡು ನಿಲ್ಲಿಸುವುದು ಕಲಿಸಲು ಸಮತಟ್ಟಾದ ನೆಲ ಸಾಕು. ಬಳ್ಳಾರಿಯ ಬೇಸಿಗೆಯಲ್ಲಿ ಎಂಟು ಗಂಟೆಯ ಮೇಲೆ ಮೈದಾನದಲ್ಲಿ ನಿಲ್ಲಲಾಗದು, ಆದ್ದರಿಂದ ಐದೂವರೆಗೆ ಗೇಟಿನ ಬೀಗ ತೆಗೆಯುವವರು ಬೇಕು. ಅದು ಒಂದು ಬೇಸಿಗೆ ಶಿಬಿರದ ಕೆಲಸವಲ್ಲ, ಹತ್ತು ವರ್ಷದ ಕೆಲಸ. ವರ್ಗಾವಣೆ ಕೇಳದೆ ಹತ್ತು ವರ್ಷ ಒಂದೇ ಶಾಲೆಯಲ್ಲಿ ಇರುತ್ತೇನೆ ಎನ್ನುವವರು ಈ ಸಭೆಯಲ್ಲಿ ಯಾರಿದ್ದೀರಿ, ಅವರ ಜೊತೆ ನಾನು ಆಮೇಲೆ ಕೂತು ಮಾತನಾಡಲು ಸಿದ್ಧ. ಸ್ಟಿಕ್‌ಗಳಿಗೆ ಯಾರ ಬಳಿ ಹೋಗಬೇಕು ಎಂಬುದನ್ನು ಅಲ್ಲೇ ಯೋಚಿಸೋಣ.

ಪ್ರಶ್ನೆಗಳಿಗೆ ಸಮಯವಿದೆ. ಹಿಂದಿನ ಸಾಲಿನ ಹುಡುಗಿಯರು ಮೊದಲು ಕೇಳಲಿ, ಶಿಕ್ಷಕರು ಆಮೇಲೆ.